ದೇವಕ್ಕನ ಎಣ್ಣೆನೀರು

ಕುರ್ಲಾದಿಂದ ವಿಕ್ರೋಳಿಯವರೆಗೆ ಕಾಲೇಜಿಗೆ ಹೋಗುವ ವಯಸ್ಸಿನ ಯಾವ ಹುಡುಗನ ತಲೆ ದುಂಡಗೆ ಕಂಡರೂ ಅದು ತನ್ನ ಹೆಂಡತಿಯ ಅಂಗೈಯ ಪ್ರತಾಪ ಎಂದು ಸಾಯಬಣ್ಣ ಹೇಳುತ್ತಾನೆ. ಸಾಯಬಣ್ಣನ ಮಾತಿನಲ್ಲಿ ಅರ್ಧ ಕಳೆದೇ ನಂಬಬೇಕು. ಕಳೆದರೂ ಉಳಿಯುವುದು ಕಡಿಮೆಯೇನಲ್ಲ. ದೇವಕ್ಕ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ನೀರೆರೆಯುವ ಹೆಂಗಸು. ಮುಂಬಯಿಯಲ್ಲಿ ಇಂಥವರನ್ನು ಮಾಲಿಶ್‌ವಾಲಿ ಅನ್ನುತ್ತಾರೆ. ಆ ಹೆಸರು ಕೇಳಿದರೆ ದೇವಕ್ಕನಿಗೆ ಮೈ ಉರಿಯುತ್ತದೆ. ಚೌಪಾಟಿಯಲ್ಲಿ ಎಣ್ಣೆ ಬಾಟಲಿ ಕುಲುಕುತ್ತ ಗಿರಾಕಿ ಹುಡುಕುವವರ ಸಾಲಿಗೆ ತನ್ನನ್ನೂ ನಿಲ್ಲಿಸಿದರಲ್ಲ ಎಂದು ಸಿಟ್ಟು.

ಹಾಗೆಂದು ಅವಳು ಈ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದವಳಲ್ಲ. ಯಾದಗಿರಿ ಕಡೆಯ ಹಳ್ಳಿಯಿಂದ, ಮದುವೆಯಾದ ವರ್ಷವೇ ಗಂಡನ ಹಿಂದೆ ಬಂದು ಕುರ್ಲಾದ ಒಂದು ಚಾಳಿನಲ್ಲಿ ಗಂಟು ಇಳಿಸಿದವಳು. ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಅವನು ಕೆಳಗೆ ಸಿಮೆಂಟು ಕಲಸಿದರೆ ಇವಳು ಬುಟ್ಟಿ ಹೊತ್ತು ಮೇಲಕ್ಕೆ ಹತ್ತುವಳು. ಅವಳ ಅಂಗೈ ಹಲಗೆಯಷ್ಟು ಗಟ್ಟಿಯಾದದ್ದು ಆ ವರ್ಷಗಳಲ್ಲಿ. ಆಮೇಲೊಂದು ದಿನ ಸಾಯಬಣ್ಣ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ಭಾರ ಎತ್ತುವ ಕೆಲಸ ಅಲ್ಲಿಗೆ ಮುಗಿಯಿತು. ತಾನೇ ಕಟ್ಟಿದ್ದ ಒಂದು ಬಿಲ್ಡಿಂಗಿಗೆ ವಾಚ್‌ಮನ್ ಆಗಿ ಕುರ್ಚಿ ಹಿಡಿದು ಕೂತ. ದೇವಕ್ಕ ಅದೇ ಬಿಲ್ಡಿಂಗಿನ ಮನೆಗಳಲ್ಲಿ ಪಾತ್ರೆ ತಿಕ್ಕಲು ನಿಂತಳು.

ಅಲ್ಲಿ ಒಂದು ಮನೆಯ ಸೊಸೆ ಹೆತ್ತು ಬಂದಳು. ಅವಳ ತಾಯಿ ದೂರದ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. ಅತ್ತೆಗೆ ಕೂಸು ಮುಟ್ಟಲು ಭಯ, ಮಗನನ್ನು ಹೆತ್ತು ಬಹಳ ಕಾಲವಾಗಿತ್ತು. ಒಳಗೆ ಕೂಸು ಒಂದೇ ಸಮನೆ ಚೀರುತ್ತಿದ್ದರೆ ಅಡುಗೆಮನೆಯ ಬಚ್ಚಲಲ್ಲಿ, ಮುಂಬಯಿಯವರು ಮೋರಿ ಅನ್ನುವ ಕಡೆ, ಕೂತ ದೇವಕ್ಕನಿಗೆ ಪಾತ್ರೆ ತಿಕ್ಕಲು ಕೈ ಬರಲಿಲ್ಲ. ಕೈಯ ಸೋಪು ತೊಳೆದುಕೊಂಡು ಹೋಗಿ, ತನಗೆ ಬರುವಷ್ಟು ಹಿಂದಿಯಲ್ಲಿ, ನಾನು ಎರೆಯಲೇ ಎಂದು ಕೇಳಿದಳು. ಅವರು ಹೂಂ ಅನ್ನುವುದರೊಳಗೆ ನೀರು ಕಾಯಲಿಟ್ಟಾಗಿತ್ತು.

ಊರಲ್ಲಿ ಅವಳ ಅಜ್ಜಿ ಮಾಡುತ್ತಿದ್ದ ಹಾಗೆಯೇ ಮಾಡಿದಳು. ಮೊದಲು ತಾಯಿ, ಆಮೇಲೆ ಕೂಸು. ಬಾಣಂತಿಯನ್ನು ಮಣೆಯ ಮೇಲೆ ಕೂಡಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಎಣ್ಣೆ ತಿಕ್ಕಿ, ಬೆನ್ನಿಗೆ ತಂಬಿಗೆ ತಂಬಿಗೆ ಬಿಸಿನೀರು ಹೊಯ್ದಳು. ಆಮೇಲೆ ತಾನೇ ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಮೊಣಕಾಲ ಕೆಳಗೆ ಅಂಗಾತ ಮಲಗಿಸಿಕೊಂಡು ಎರೆದಳು. ಕೊನೆಗೆ ಕೆಂಡದ ಮೇಲೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಹಿಡಿದಳು. ಕೂಸು ಮಲಗಿದ್ದು ಸಂಜೆಯಾದರೂ ಏಳಲಿಲ್ಲ. ಗಾಬರಿಯಾದ ಅತ್ತೆ ಎರಡು ಸಲ ಮೂಗಿಗೆ ಬೆರಳು ಹಿಡಿದು ನೋಡಿದಳಂತೆ.

ಉಸುಕು ಹೊತ್ತದ್ದು ಹೊಟ್ಟೆಗಾಗಿ, ಪಾತ್ರೆ ತಿಕ್ಕಿದ್ದೂ ಹೊಟ್ಟೆಗಾಗಿ. ಇದೊಂದು ಮಾತ್ರ ತನ್ನದು ಎಂದು ದೇವಕ್ಕನಿಗೆ ಆವತ್ತೇ ಅನ್ನಿಸಿತು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಘಾಟ್ಕೋಪರ್, ವಿಕ್ರೋಳಿ, ಸಯನ್ ಕಡೆಯಿಂದಲೂ ಕರೆ ಬರತೊಡಗಿದವು. ಪಾತ್ರೆ ಕೆಲಸ ಒಂದೊಂದಾಗಿ ಬಿಟ್ಟಳು. ಎಣ್ಣೆ ಬಾಟಲಿ ಇದ್ದ ಚೀಲ ಹೆಗಲಿಗೆ ಹಾಕಿಕೊಂಡು ಲೋಕಲ್ ಹತ್ತುವಾಗ ಅವಳ ನಡಿಗೆಯೇ ಬೇರೆಯಾಗಿತ್ತು ಎಂದು ಸಾಯಬಣ್ಣ ಈಗಲೂ ಛೇಡಿಸುತ್ತಾನೆ.

ಸಯನ್‌ನ ಸೇವಂತಿಯಮ್ಮನ ಪರಿಚಯವಾದದ್ದು ಹಾಗೆ. ಉಡುಪಿ ಕಡೆಯವರು, ಗಂಡನದು ಹೋಟೆಲು. ಅವರ ದೊಡ್ಡ ಸೊಸೆಯ ಎರಡು ಬಾಣಂತನಕ್ಕೂ ದೇವಕ್ಕನೇ ಹೋಗಿದ್ದಳು. ಒಂದು ದಿನ ಸೇವಂತಿಯಮ್ಮ ಕರೆಸಿ, ಕಾಫಿ ಕೊಟ್ಟು, ವಿಷಯಕ್ಕೆ ಬಂದರು. ಮಗಳು ನಿಶಾ ದುಬೈಯಲ್ಲಿ ಬಸುರಿ. ಇವರಿಗೆ ಮೊಣಗಂಟಿನ ಆಪರೇಶನ್ ಆಗಿದೆ.

"ನನಗೆ ಈ ಕಾಲಲ್ಲಿ ವಿಮಾನ ಹತ್ತಲಿಕ್ಕೆ ಆಗುದಿಲ್ಲ ದೇವಕ್ಕ. ನೀನು ಹೋಗು ಮಾರಾಯ್ತಿ. ಎರಡು ವರ್ಷದ ವೀಸಾ ಮಾಡಿಸ್ತಾನೆ ಅಳಿಯ. ಬಾಣಂತನ ನಿನ್ನ ಕೈಯಲ್ಲೇ ಆಗ್ಬೇಕು ಅಂತ ನಿಶಾಂದು ಒಂದೇ ಹಟ."

ದೇವಕ್ಕ ವಿಚಾರ ಮಾಡಿ ಹೇಳತೀನ್ರಿ ಅಂದಳು. ವಿಚಾರ ಏನೂ ಮಾಡಲಿಲ್ಲ. ತನ್ನ ಕೈಗಾಗಿ ವಿಮಾನ ಕಳಿಸುತ್ತಿದ್ದಾರೆ ಎಂಬ ಹೆಮ್ಮೆ ಸಯನ್ ಸ್ಟೇಶನ್ನಿನ ಮೆಟ್ಟಿಲು ಇಳಿಯುವ ಹೊತ್ತಿಗೇ ತಲೆಗೇರಿತ್ತು. ಸಾಯಬಣ್ಣ ಬೇಡ ಅನ್ನಲಿಲ್ಲ. ತಕರಾರು ಬಂದದ್ದು ಮಗಳು ಶೀತಲ್‌ಳಿಂದ. ಅವಳಿಗೆ ಆಗಷ್ಟೇ ಮದುವೆಯಾಗಿತ್ತು, ಗಂಡ ಅನಿಲನಿಗೆ ವಿಕ್ರೋಳಿಯ ಕಂಪನಿಯೊಂದರಲ್ಲಿ ಕೆಲಸ. ಕುರ್ಲಾದಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ನಾಲ್ಕು ಹೆಜ್ಜೆ ಹಾಕಿ ಹಿಂದಿಯ ಕೈ ಹಿಡಿಯುತ್ತಿತ್ತು.

"ಅವ್ವಾ, ನಂದು ಟೈಮ್ ಬಂದಾಗ ನೀ ಇರ್ಬೇಕು, ಹಾಂ. ಫಸ್ಟ್ ಡಿಲಿವರಿ ತವರ್‌ಮನೀದು ಇರ್ತದ. ಸಾಸೂಮಾ ಈಗಿಂದೇ ಕೇಳ್ತಾರ."

"ಅಷ್ಟರಾಗ ಬಂದ ಬಿಡತೀನಿ. ನಿನ್ನ ಕೂಸಿಗಿ ನಾ ಬಿಟ್ಟು ಯಾರೂ ನೀರ ಹಾಕಂಗಿಲ್ಲ, ತಿಳೀತಿಲ್ಲೊ?" ಅಂದಳು ದೇವಕ್ಕ.

ದುಬೈಯಲ್ಲಿ ನಿಶಾ ಮತ್ತು ಅವಳ ಗಂಡ ಪ್ರೀತಮ್ ಇದ್ದದ್ದು ಮುಗಿಲಿಗೆ ಮುಟ್ಟುವ ಒಂದು ಬಿಲ್ಡಿಂಗಿನಲ್ಲಿ. ಎಷ್ಟೋ ಬಿಲ್ಡಿಂಗಿಗೆ ಉಸುಕು ಹೊತ್ತಿದ್ದ ದೇವಕ್ಕನಿಗೆ ಎತ್ತರ ಹೊಸದಲ್ಲ, ಅದರೊಳಗೆ ಮಲಗುವುದು ಹೊಸದು. ಅಂಗಡಿ ಹೊಕ್ಕರೂ ಲಿಫ್ಟ್ ಹತ್ತಿದರೂ ಲೋಬಾನದಂಥ ಘಮ. ಅಲ್ಲಿಯ ಜನ ಮನೆಮನೆಯಲ್ಲಿ ಸುಗಂಧದ ಹೊಗೆ ಹಾಕುತ್ತಾರೆ, ಅದಕ್ಕೆ ಬೇಕಾದ ಇದ್ದಲನ್ನು ಕಿರಾಣಿ ಅಂಗಡಿಯಲ್ಲೇ ಮಾರುತ್ತಾರೆ. ದೇವಕ್ಕನಿಗೆ ಅರ್ಧ ಊರಿಗೇ ಬಂದ ಹಾಗಾಯಿತು. ಬಂದ ವಾರದಲ್ಲೇ ನಿಶಾಗೆ ಹೆಣ್ಣುಕೂಸು ಹುಟ್ಟಿತು, ಯಕ್ಷಿತಾ ಎಂದು ಹೆಸರಿಟ್ಟರು.

ಮೊದಲ ಎಣ್ಣೆನೀರಿನ ದಿನ ದೇವಕ್ಕ ಎಲ್ಲವನ್ನೂ ಕ್ರಮದಂತೆ ಮಾಡಿದಳು. ನಿಶಾಳಿಗೆ ಎರೆದಾಯಿತು, ಕೂಸಿಗೂ ಆಯಿತು. ಕೊನೆಗೆ ಕೆಂಡ. ದುಬೈಯ ಇದ್ದಲು ಕುರ್ಲಾದ ಇದ್ದಲಿಗಿಂತ ಜೋರು. ಬೆಳ್ಳುಳ್ಳಿ ಸಿಪ್ಪೆ ಬಿದ್ದದ್ದೇ ತಡ, ಕೋಣೆಯೆಲ್ಲ ಹೊಗೆ. ಎ.ಸಿ. ಮನೆ, ಕಿಟಕಿ ತೆರೆಯುವಂತಿಲ್ಲ. ಛತ್ತಿಗೆ ಅಂಟಿಸಿದ್ದ ಬಿಳಿ ಡಬ್ಬಿ, ಹೊಗೆ ಕಂಡರೆ ಕೂಗುವಂಥದ್ದು, ಕೀಚ್ ಕೀಚ್ ಎನ್ನತೊಡಗಿತು. ಚಾಳಿನಲ್ಲಿ ಹೊಗೆ ಹೆಚ್ಚಾದರೆ ಏನು ಮಾಡುತ್ತಾರೋ ದೇವಕ್ಕ ಅದನ್ನೇ ಮಾಡಿದಳು. ಓಡಿ ಹೋಗಿ ಮುಂಬಾಗಿಲನ್ನು ಪೂರಾ ತೆರೆದಳು. ಸೆರಗಿನಿಂದ ಬೀಸಿ ಬೀಸಿ ಹೊಗೆಯನ್ನೆಲ್ಲ ಹೊರಗಿನ ಪಡಸಾಲೆಗೆ ದೂಡಿದಳು.

ಒಳಗಿನ ಡಬ್ಬಿ ಆ ಮನೆಗಷ್ಟೇ ಸೇರಿದ್ದು. ಪಡಸಾಲೆಯದು ಇಡೀ ಬಿಲ್ಡಿಂಗಿಗೆ ಸೇರಿದ್ದು. ಅದು ಬಾಯಿ ಬಿಟ್ಟ ಕೂಡಲೇ ಎಲ್ಲ ಮಹಡಿಗಳಲ್ಲೂ ಗಂಟೆ ಹೊಡೆಯಿತು, ಲಿಫ್ಟುಗಳು ನಿಂತವು, ಯಾವುದೋ ಯಂತ್ರದ ಹೆಂಗಸು ಎಲ್ಲರೂ ಕೆಳಗಿಳಿಯಿರಿ ಎಂದು ಎರಡು ಭಾಷೆಯಲ್ಲಿ ಹೇಳತೊಡಗಿದಳು. ಹೊಲಿಗೆ ಇನ್ನೂ ಹಸಿ ಇದ್ದ ನಿಶಾ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಕೂಸನ್ನು ಎದೆಗವಚಿಕೊಂಡು ದೇವಕ್ಕ ಅವಳ ಹಿಂದೆ. ಕೆಳಗೆ ಬಿಸಿಲಲ್ಲಿ ದೇಶದೇಶದ ಜನ ನಿಂತಿದ್ದರು. ಎಲ್ಲರೂ ಮೇಲೆ ನೋಡುತ್ತಿದ್ದರು, ಎಲ್ಲಿಯೂ ಬೆಂಕಿ ಇರಲಿಲ್ಲ.

ಆಫೀಸಿನಿಂದ ಓಡಿ ಬಂದ ಪ್ರೀತಮ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ದೇವಕ್ಕ ಆಮೇಲೆ ಅಂದುಕೊಂಡಳು. "ಇನ್ನು ಇದೆಲ್ಲ ಬೇಡ ದೇವಕ್ಕ ಆಂಟಿ," ಅಂದ, ಅಷ್ಟೇ. ಮರುದಿನ ಪ್ಲಾಸ್ಟಿಕ್ ಟಬ್ ಬಂತು. ನಿಶಾ ಯೂಟ್ಯೂಬ್ ನೋಡಿಕೊಂಡು ಕೂಸಿಗೆ ತಾನೇ ಸ್ನಾನ ಮಾಡಿಸತೊಡಗಿದಳು. ಟಬ್ ತೊಳೆದು ಬೋರಲು ಹಾಕುವುದು ದೇವಕ್ಕನ ಕೆಲಸವಾಯಿತು. ಅಡುಗೆ, ಕಸ, ಪಾತ್ರೆ. ಇಷ್ಟು ವರ್ಷ ಹತ್ತಿದ್ದೆಲ್ಲ ಹತ್ತಿ, ಸಮುದ್ರ ದಾಟಿ, ಅವಳು ಮತ್ತೆ ಮೋರಿಯ ಮುಂದೆ ಬಂದು ನಿಂತಿದ್ದಳು.

ಶೀತಲ್ ಬಸುರಿಯಾದ ಸುದ್ದಿ ಬಂದಾಗಿನಿಂದ ದೇವಕ್ಕ ದಿನ ಎಣಿಸಿ, ಎಂಟನೆಯ ತಿಂಗಳಲ್ಲಿ ರಜೆ ಕೇಳಿದಳು. ಆದರೆ ಕೇಳಬೇಕಾದ ಹಾಗೆ ಕೇಳಲಿಲ್ಲ. ನಿಶಾ ಆಗ ತಾನೇ ಆಫೀಸಿಗೆ ಹೋಗತೊಡಗಿದ್ದಳು, ಯಕ್ಷಿತಾಳನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಇನ್ನೊಂದು ತಿಂಗಳು ತಡೆಯಿರಿ ಆಂಟಿ ಅಂದಳು. ಹಸಿ ಹೊಲಿಗೆಯಲ್ಲಿ ಗೋಡೆ ಹಿಡಿದು ಇಳಿಯುತ್ತಿದ್ದ ಅವಳ ಬೆನ್ನು ದೇವಕ್ಕನ ಕಣ್ಣ ಮುಂದೆ ಬಂತು. ಆಗಲಿ ತಾಯಿ ಅಂದುಬಿಟ್ಟಳು. ಆ ಒಂದು ತಿಂಗಳಿನಲ್ಲೇ, ದಿನ ತುಂಬುವ ಮೊದಲೇ, ಶೀತಲ್ ಗಂಡುಕೂಸು ಹೆತ್ತಳು. ಯಕ್ಷಿತಾಳಿಗೆ ಬೇರೆ ಯಾರೂ ಸಿಗದೆ ದೇವಕ್ಕನ ರಜೆ ಮುಂದೆ ಮುಂದೆ ಹೋಗಿ ಕೊನೆಗೆ ಸಿಗಲೇ ಇಲ್ಲ.

ತವರಿನ ಬಾಣಂತನ ತವರಿನಲ್ಲೇ ಆಯಿತು, ತಾಯಿ ಮಾತ್ರ ಇರಲಿಲ್ಲ. ಕುರ್ಲಾದ ಚಾಳಿನಲ್ಲಿ ನೀರು ಕಾಯಿಸುವವನು ಸಾಯಬಣ್ಣ. ಪಕ್ಕದ ಓಣಿಯಿಂದ ಎರೆಯಲು ಬರುತ್ತಿದ್ದ ಹೆಂಗಸು ಕೆಲವು ದಿನ ಬಂದು, ಸಂಬಂಧಿಕರ ಮದುವೆ ಎಂದು ಊರಿಗೆ ಹೋದವಳು ತಿರುಗಿ ಬರಲಿಲ್ಲ. ಒಂದು ಮುಂಜಾನೆ ದುಬೈಯ ಅಡುಗೆಮನೆಯಲ್ಲಿ ದೇವಕ್ಕನ ಫೋನು ಬಡಿದುಕೊಂಡಿತು. ವಿಡಿಯೋದಲ್ಲಿ ಮೊದಲು ಕಂಡದ್ದು ಚಾಳಿನ ತಗಡು. ಸಾಯಬಣ್ಣ ಮಗಳ ಕಡೆ ನೋಡಬಾರದೆಂದು ಗೋಡೆಗೆ ಮುಖ ಮಾಡಿ, ಕೈ ಹಿಂದೆ ಚಾಚಿ ಫೋನು ಹಿಡಿದಿದ್ದ.

"ಫೋನ್ ಕೆಳಗ ಮಾಡ್ರಿ! ತಗಡ ನೋಡಿ ಏನ ಮಾಡ್ಲಿ ನಾ?" ಎಂದು ದೇವಕ್ಕ ಒದರಿದಳು.

ಫೋನು ಇಳಿಯಿತು. ಮಣೆಯ ಮೇಲೆ ಶೀತಲ್, ಕಾಲ ಮೇಲೆ ಕೆಂಪಗೆ ಚೀರುವ ಕೂಸು. ಶೀತಲ್ ತಾನೂ ಅಳುತ್ತಿದ್ದಳು.

"ಅವ್ವಾ, ನಂಗ್ ಕುತ್ತಿಗಿ ಹಿಡೀಲಿಕ್ಕಿ ಬರಂಗಿಲ್ಲ. ನೀರು ಗರಂ ಬೇಕು ಅಂತಿ, ಗರಂ ಅಂದ್ರ ಎಷ್ಟು ಗರಂ?"

"ಕೈಗಿ ಹತ್ತಬೇಕು," ಅಂದಳು ದೇವಕ್ಕ.

"ಹತ್ತಬೇಕು ಮತ್ಲಬ್? ನಂಗ್ ಚಟ್ಕಾ ಬಡೀತು!"

ದೇವಕ್ಕ ತನ್ನ ಕೈ ನೋಡಿಕೊಂಡಳು. ಇಟ್ಟಂಗಿ ಹೊತ್ತು ದಡ್ಡುಗಟ್ಟಿದ ಆ ಅಂಗೈಗೆ ಹಿತವೆನಿಸುವ ನೀರು ಪುಸ್ತಕ ಹಿಡಿದು ಬೆಳೆದ ಹುಡುಗಿಗೆ ಸುಡುತ್ತದೆ. ಹುಟ್ಟಿದ ಕೂಸಿಗೆ? ಇಷ್ಟು ವರ್ಷ ಕಾಲ ಮೇಲೆ ಮಲಗಿ ಚೀರಿದ ಕೂಸುಗಳೆಲ್ಲ ಸುಮ್ಮನೆ ಚೀರಿದವೇ? ಅದನ್ನು ಒಳಗೇ ನುಂಗಿಕೊಂಡು ಹೇಳಿದಳು.

"ಕೈ ಬ್ಯಾಡ. ಮೊಣಕೈ ಅದ್ದು. ಮೊಣಕೈಗಿ ಬೆಚ್ಚಗ ಆದ್ರ ಸಾಕು. ತಣ್ಣೀರ ಬೆರಸು. ಈಗ ಎಡಗೈ ಕುತ್ತಿಗಿ ಬುಡಕ ಒಯ್ಯಿ... ಗಟ್ಟಿ ಹಿಡೀಬ್ಯಾಡ, ಆಸರಾ ಕೊಡು ಅಷ್ಟ."

ಆವತ್ತಿನಿಂದ ದಿನಾ ಅದೇ ಪಾಠ. ಕೈ ತಾನಾಗಿ ಮಾಡುತ್ತಿದ್ದ ಕೆಲಸಕ್ಕೆ ಮಾತು ಹುಡುಕುವುದು ಎಂಥ ಕಷ್ಟ ಎಂದು ದೇವಕ್ಕನಿಗೆ ಗೊತ್ತಾಗಿದ್ದು ಆಗ. ಹೀಂಗ ಮಾಡು ಅಂದರೆ ಆಗುತ್ತಿರಲಿಲ್ಲ, ಹೀಂಗ ಅಂದರೆ ಹೇಂಗ ಎಂದು ಮಗಳು ಕೇಳುತ್ತಿದ್ದಳು. ಹಿಂದಿನ ರಾತ್ರಿಯೇ ದೇವಕ್ಕ ಒಂದು ಟವೆಲ್ ಸುರುಳಿ ಮಾಡಿ ಕಾಲ ಮೇಲೆ ಮಲಗಿಸಿಕೊಂಡು, ಯಾವ ಬೆರಳು ಎಲ್ಲಿ ಹೋಗುತ್ತದೆ ಎಂದು ತನ್ನನ್ನು ತಾನೇ ನೋಡಿಕೊಳ್ಳುವಳು. ಒಂದೊಂದು ದಿನ ಶೀತಲ್ ಸಿಟ್ಟಾಗಿ ಫೋನು ಇಟ್ಟುಬಿಡುವಳು, ಮರುದಿನ ತಾನೇ ಮಾಡುವಳು. ತಿಂಗಳು ಕಳೆಯುವ ಹೊತ್ತಿಗೆ ಕೂಸು ಅವಳ ಕಾಲ ಮೇಲೆ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗತೊಡಗಿತು. ದುಬೈಯ ಅಡುಗೆಮನೆಯಲ್ಲಿ ನಿಂತು ಅದನ್ನು ಕಂಡ ದೇವಕ್ಕನಿಗೆ, ತಾನು ಎರೆದ ಯಾವ ಕೂಸನ್ನು ನೋಡಿಯೂ ಆಗದಷ್ಟು ಖುಷಿಯಾಯಿತು. ಹೊಟ್ಟೆಯೂ ಉರಿಯಿತು. ತನ್ನ ಕಾಲ ಮೇಲೆ ಮಲಗಬೇಕಾಗಿದ್ದ ಕೂಸು ಅದು.

ಎರಡು ವರ್ಷ ಮುಗಿಸಿ ಬಂದಾಗ ಮೊಮ್ಮಗ ನಡೆಯುತ್ತಿದ್ದ. ಕಾಗದದಲ್ಲಿ ಅವನ ಹೆಸರು ಯುವಾನ್, ಸಾಯಬಣ್ಣನ ಬಾಯಲ್ಲಿ ಯಲ್ಲಾಲಿಂಗ. ಅವನು ಯಾವ ಹೆಸರಿಗೂ ತಿರುಗಿ ನೋಡುತ್ತಿರಲಿಲ್ಲ. ಕಾಲ ಮೇಲೆ ಮಲಗುವ ವಯಸ್ಸು ದಾಟಿತ್ತು. ಬಕೆಟಿನ ಮುಂದೆ ನಿಂತು ತಾನೇ ಮಗ್ಗು ಸುರಿದುಕೊಳ್ಳುತ್ತಿದ್ದ. ಶೀತಲ್ ತಾಯಿಗೆ ಚಹಾ ಕೊಟ್ಟಳು, ಊಟ ಬಡಿಸಿದಳು, ಆ ದಿನಗಳ ಮಾತು ಮಾತ್ರ ಎತ್ತಲಿಲ್ಲ. ದೇವಕ್ಕನೂ ಎತ್ತಲಿಲ್ಲ.

ಆದರೆ ವಿಕ್ರೋಳಿಯ ಶೀತಲ್ ಮನೆಯ ಅಕ್ಕಪಕ್ಕದಲ್ಲಿ ಆ ಫೋನ್ ಪಾಠದ ಸುದ್ದಿ ಹಬ್ಬಿತ್ತು. ಒಬ್ಬ ಬಾಣಂತಿ ಕರೆದಳು. ದೇವಕ್ಕ ಹೋಗಿ, ಹಳೆಯ ಅಭ್ಯಾಸದಂತೆ ಮಣೆಯ ಮೇಲೆ ಕೂತವಳು ಹಾಗೇ ಎದ್ದು, ಬಾಣಂತಿಯನ್ನೇ ಕೂಡಿಸಿದಳು. ಆ ಹುಡುಗಿ ಅವಳು ಹೇಳಿದಂತೆ ಮಗುವಿನ ಕುತ್ತಿಗೆಯ ಕೆಳಗೆ ಕೈ ಒಯ್ದು, ನೀರು ಹಾಕಿ, ಅದು ಅಳದೆ ಇದ್ದದ್ದು ಕಂಡು ತಲೆಯೆತ್ತಿ ನಕ್ಕಳು. ಇನ್ನು ಮುಂದೆ ತಾನು ಮಾಡಬೇಕಾದದ್ದು ಇದು ಎಂದು ದೇವಕ್ಕ ಅಲ್ಲಿಯೇ ನಿರ್ಧರಿಸಿದಳು. ಹದಿನೈದು ದಿನ ಎರೆಯುವ ಕಡೆ ಮೂರು ನಾಲ್ಕು ದಿನ ಕಲಿಸಿ ಬರುವುದು.

ಹಳೆಯ ಗಿರಾಕಿಗಳು ಮುಖ ಸಿಂಡರಿಸಿದರು. ಕೆಲಸಕ್ಕೆಂದು ಕರೆದವಳು ನಮ್ಮ ಕೈಯಲ್ಲೇ ಕೆಲಸ ಮಾಡಿಸುತ್ತಾಳಲ್ಲ ಎಂದು ಒಬ್ಬ ಅತ್ತೆ ಬಾಗಿಲಿನಿಂದಲೇ ವಾಪಸು ಕಳಿಸಿದಳು. ಸೇವಂತಿಯಮ್ಮನಂತೂ ಜೋರಾಗಿ ನಕ್ಕರು.

"ಅಲ್ಲ ಮಾರಾಯ್ತಿ, ಎಲ್ಲರಿಗೂ ನೀನು ಕಲಿಸಿಬಿಟ್ರೆ ನಾಳೆ ನಿನ್ನನ್ನು ಕರೆಯುವವರು ಯಾರು?"

"ನಾಳಿಗಿ ಮತ್ತ ಹೊಸಾವು ಹುಟ್ಟತಾವಲ್ರಿ ಅಕ್ಕಾರ," ಅಂದಳು ದೇವಕ್ಕ. ಆದರೂ ಆ ಮಾತು ಅವಳ ಮನಸ್ಸಿನಲ್ಲಿ ಕೂತಿತು.

ಕೈ ಹಿಡಿದವಳು ಸಯನ್‌ನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸ್ ವೈಶಾಲಿ. ಮನೆಗೆ ಹೋಗುವ ಮೊದಲು ತಾಯಂದಿರಿಗೆ ಸ್ನಾನ ಮಾಡಿಸುವುದನ್ನು ಹೇಳಿಕೊಡಲು ಅವಳಿಗೊಬ್ಬರು ಬೇಕಾಗಿದ್ದರು. ಕರಾರು ಕಟ್ಟುನಿಟ್ಟು. ಹೊಗೆ ಇಲ್ಲ, ಮೂಗು ಎಳೆಯುವುದಿಲ್ಲ, ಕಿವಿಗೆ ಎಣ್ಣೆ ಬಿಡುವುದಿಲ್ಲ, ಕಣ್ಣಿಗೆ ಕಾಡಿಗೆ ಇಲ್ಲ. ಹೊಗೆಯ ವಿಷಯದಲ್ಲಿ ದೇವಕ್ಕ ಮರುಮಾತಾಡಲಿಲ್ಲ, ಅದರ ಪಾಠ ದುಬೈಯಲ್ಲಿ ಆಗಿತ್ತು. ಉಳಿದವಕ್ಕೆ ಒಂದು ವಾರ ಗೊಣಗಿದಳು. ದೃಷ್ಟಿಬೊಟ್ಟು ಮಾತ್ರ ಬಿಡಲಾರೆ ಅಂದಾಗ, ಅಂಗಾಲಿಗೆ ಇಡು ಎಂದು ವೈಶಾಲಿ ಒಪ್ಪಿದಳು. ಕಲಿಸಲು ಒಂದು ರಬ್ಬರಿನ ಗೊಂಬೆ ಕೊಟ್ಟರು. ಅಳದ ಕೂಸಿನಿಂದ ಯಾರೂ ಏನೂ ಕಲಿಯುವುದಿಲ್ಲ ಎಂದು ದೇವಕ್ಕ ಅದನ್ನು ಕಪಾಟಿನ ಮೇಲೆ ಕೂಡಿಸಿದಳು. ಈಗ ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ದೇವಕ್ಕಾ ಟೀಚರ್ ಎಂದು. ಆ ಹೆಸರಿಗೆ ಅವಳ ತಕರಾರಿಲ್ಲ.

ಹೀಗಿರುವಾಗ ಶೀತಲ್ ಎರಡನೆಯ ಸಲ ಬಸುರಿಯಾದಳು. ಎರಡನೆಯದಕ್ಕೆ ತವರಿಗೆ ಬರಲೇಬೇಕೆಂದೇನೂ ಇಲ್ಲ. ದೇವಕ್ಕ ತಾನೇ ವಿಕ್ರೋಳಿಗೆ ಹೋಗಿ, ಬೀಗಿತಿಯ ಕೈ ಹಿಡಿದು ಕೇಳಿಕೊಂಡು, ಮಗಳನ್ನು ಕರೆತಂದಳು. ಆಸ್ಪತ್ರೆಗೆ ರಜೆ ಹಾಕಿದಳು. ಊರಿಂದ ಗಾಣದ ಎಣ್ಣೆ ತರಿಸಿದಳು. ತನ್ನ ಅಜ್ಜಿಯ ಕಾಲದಂಥ ಅಗಲವಾದ ಮಣೆ ಮಾಡಿಸಿದಳು. ಈ ಸಲದ ಕೂಸು ತನ್ನ ಕಾಲ ಮೇಲೆ, ಬೇರೆ ಮಾತಿಲ್ಲ ಎಂದು ಸಾಯಬಣ್ಣನಿಗೆ ದಿನಕ್ಕೊಮ್ಮೆ ಹೇಳುತ್ತಿದ್ದಳು. ಊರವರ ಕೂಸುಗಳಿಗೆಲ್ಲ ಎರೆದ ಕೈ, ಸ್ವಂತ ಮೊಮ್ಮಗನಿಗೆ ಒಂದು ತಂಬಿಗೆ ನೀರು ಹಾಕಿರಲಿಲ್ಲ. ಆ ಬಾಕಿ ತೀರಬೇಕಿತ್ತು.

ಹೆಣ್ಣುಕೂಸು. ಮನೆಗೆ ಬಂದು, ಎರೆಯುವ ದಿನ ಬಂತು. ದೇವಕ್ಕ ನೀರು ಕಾಯಿಸಿ, ಎಣ್ಣೆ ಬೆಚ್ಚಗೆ ಮಾಡಿ, ಟವೆಲ್ ತರಲು ಆಚೆ ಹೋಗಿ ಬರುವಷ್ಟರಲ್ಲಿ ಶೀತಲ್ ಮಣೆಯ ಮೇಲೆ ಕೂತು ಕಾಲು ಚಾಚಿದ್ದಳು. ಕೂಸು ಅವಳ ಕಾಲ ಮೇಲಿತ್ತು.

"ಕೊಡಿಲ್ಲೆ, ನಾ ಎರೀತೀನಿ," ಅಂದಳು ದೇವಕ್ಕ.

"ನೀ ಕೂಡು ಅವ್ವಾ. ನಂಗ್ ಬರ್ತದಲ್ಲ. ನೀನೇ ತೋ ಕಲಿಸೀದಿ."

ದೇವಕ್ಕ ಟವೆಲ್ ಹಿಡಿದು ನಿಂತೇ ಇದ್ದಳು. ಶೀತಲ್ ಮೊಣಕೈ ಅದ್ದಿದಳು, ತಣ್ಣೀರು ಬೆರೆಸಿದಳು, ಎಡಗೈಯನ್ನು ಕುತ್ತಿಗೆಯ ಬುಡಕ್ಕೆ ಒಯ್ದಳು. "ಗಟ್ಟಿ ಹಿಡೀಬ್ಯಾಡ, ಆಸರಾ ಕೊಡು ಅಷ್ಟ," ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ಕನ್ನಡದಲ್ಲಿ ಹಿಂದಿ ಸೇರದೆ, ತಾಯಿ ಹೇಳಿದ ಹಾಗೆಯೇ ಉಳಿದ ಮಾತು ಅದು. ಕೂಸು ಒಂದು ಸಲ ಮುಖ ಕಿವುಚಿ ಸುಮ್ಮನಾಯಿತು. ಒಂದು ತಪ್ಪಿಲ್ಲ. ತಪ್ಪು ಸಿಕ್ಕರೆ ಕೈ ಹಾಕಬಹುದು ಎಂದು ಟೀಚರ್ ಕಾಯುತ್ತಿದ್ದಳು. ಸೇವಂತಿಯಮ್ಮನ ಮಾತು ನೆನಪಾಯಿತು. ಕರೆಯದೆ ಹೋದದ್ದು ಊರವರಲ್ಲ, ಮಗಳೇ.

ಎರೆದಾಯಿತು. ಕೂಸನ್ನು ಟವೆಲಿನಲ್ಲಿ ಸುತ್ತಿ, ಬಾಗಿಲ ಸಂದಿಯಿಂದ, ಗೋಡೆಗೆ ಮುಖ ಮಾಡಿ ನಿಂತಿದ್ದ ಸಾಯಬಣ್ಣನ ಕೈಗೆ ಕೊಟ್ಟರು. ಇನ್ನೇನು ಶೀತಲ್ ಏಳುತ್ತಾಳೆ, ತಾನು ಮೋರಿ ತೊಳೆಯಬೇಕು ಎಂದು ದೇವಕ್ಕ ಬಗ್ಗಿದಳು. ಶೀತಲ್ ಏಳಲಿಲ್ಲ. ತಾಯಿಗೆ ಬೆನ್ನು ಮಾಡಿ ಕೂತೇ ಇದ್ದಳು.

"ಅವ್ವಾ."

"ಏನವ್ವ?"

"ಪೆಹಲೀ ಬಾರಿ... ಕೂಸಿಗಿ ಹೆಂಗ ಹಾಕ್ಬೇಕು ಅಂತ ದಿನಾ ಹೇಳ್ದಿ ಫೋನ್‌ದಾಗ. ನಂಗ್ ಯಾರ್ ಹಾಕ್ತಾರ ಅಂತ ಕೇಳ್ಲಿಲ್ಲ ನೀ."

ಮೊದಲು ತಾಯಿ, ಆಮೇಲೆ ಕೂಸು. ಅಜ್ಜಿಯಿಂದ ಕಲಿತ ಕ್ರಮ. ಯಾರ್ಯಾರದೋ ಮನೆಯಲ್ಲಿ ಒಂದು ದಿನವೂ ತಪ್ಪಿರಲಿಲ್ಲ, ಸ್ವಂತ ಮಗಳ ಸರದಿಯಲ್ಲಿ ಆ ಮಾತು ಬಾಯಿಗೇ ಬಂದಿರಲಿಲ್ಲ. ಅಪ್ಪನನ್ನು ಬಿಟ್ಟರೆ ಯಾರೂ ಇಲ್ಲದ ಆ ಮನೆಯಲ್ಲಿ ಹುಡುಗಿ ತನ್ನ ಬೆನ್ನಿಗೆ ತಾನೇ ನೀರು ಹೇಗೆ ಹಾಕಿಕೊಂಡಳೋ. ದೇವಕ್ಕ ಮಗಳ ಜಡೆ ಬಿಚ್ಚಿ, ನೆತ್ತಿಗೆ ಎಣ್ಣೆ ಹಾಕಿ, ಕುತ್ತಿಗೆ, ಹೆಗಲು, ಬೆನ್ನು, ಸೊಂಟ ಎಲ್ಲ ತಿಕ್ಕಿದಳು. ಶೀತಲ್‌ಳ ಬೆನ್ನು ಸಣ್ಣಗೆ ಅಲುಗುತ್ತಿತ್ತು.

ತಂಬಿಗೆಯಲ್ಲಿ ನೀರು ತೋಡಿಕೊಂಡು ಎತ್ತಿದ ದೇವಕ್ಕ ಹಾಗೇ ತಡೆದಳು. ತಂಬಿಗೆ ಕೆಳಗಿಟ್ಟು, ತೋಳು ಮೇಲೇರಿಸಿ, ಬಕೆಟಿನಲ್ಲಿ ಮೊಣಕೈ ಅದ್ದಿ ನೋಡಿದಳು.